ಗಂಟು ಹಿಂದ ಇರ್ತದ: ರಾಣಿಯ ಕಿರೀಟ, ನಮ್ಮ ಪಟ್ಟ

ಶರಣ್ರಿ ಎಲ್ಲಾರಿಗೂ. ಮೈಕ್ ಸ್ವಲ್ಪ ಕೆಳಗ ಮಾಡ್ರಿ, ನನ್ನ ಎತ್ತರ ನೋಡಿ ನಿಲ್ಲಿಸಿದ್ದಲ್ಲ ಇದು. ಹಾಂ, ಸಾಕು.

ನನಗ ಕೊಟ್ಟ ವಿಷಯ ‘ರಾಣಿಯ ಕಿರೀಟ ಮತ್ತು ರಾಜಚಿಹ್ನೆಗಳ ಇತಿಹಾಸ’. ಕೊಟ್ಟ ಟೈಮು ನಲವತ್ತೈದು ನಿಮಿಷ. ಮೂವತ್ತು ವರ್ಷ ಕಾಲೇಜಿನಾಗ ಇತಿಹಾಸ ಹೇಳಿದಾಕಿ ನಾನು. ಒಂದು ಪಿರಿಯಡ್ಡಿನಾಗ ಒಂದು ಪಾಠ ಮುಗಿಸಿದ ದಾಖಲೆ ನನ್ನ ಹೆಸರಿಗಿಲ್ಲ. ಮೂರನೇ ಸಾಲಿನಾಗ ಕೂತು ನಗ್ಲಾಕತ್ತ ನನ್ನ ಹಳೆ ವಿದ್ಯಾರ್ಥಿನಿಯರೇ ಸಾಕ್ಷಿ.

ಈಗ ಒಳಗ ಬರೋವಾಗ ಮೆಟ್ಟಲ ಹತ್ರ ಒಬ್ಬ ಹುಡುಗ ನಿಲ್ಲಿಸಿ ಕೇಳಿದ, “ಮೇಡಂ, ಕೋಹಿನೂರ್ ವಾಪಸ್ ಯಾವಾಗ ಬರ್ತದ್ರಿ?” ಬಸ್ ಸ್ಟ್ಯಾಂಡಿನಾಗ ಬೀದರ ಬಸ್ ಯಾವಾಗ ಬರ್ತದ ಅಂತ ಕೇಳ್ತಾರಲ್ಲ, ಹಂಗ. ರಾಣಿ ಕಿರೀಟ ಅಂದಕೂಡ್ಲೇ ನಮ್ಮ ಮಂದಿ ಬಾಯಾಗ ಬರೋದು ಆ ಒಂದೇ ಹರಳು. ಅದನ್ನ ಮೊದಲೇ ಮುಗಿಸಿಬಿಡ್ತೀನಿ, ಇಲ್ಲಂದ್ರ ಕಡೀತನಕ ನೀವು ಅದಕ್ಕೇ ಕಾಯ್ಕೋತ ಕೂಡ್ತೀರಿ.

1849ರಾಗ ಪಂಜಾಬ ಇಂಗ್ಲಿಷರ ಕೈಗೆ ಹೋಯ್ತು. ಲಾಹೋರದ ಒಪ್ಪಂದದಾಗ ‘ಈ ಹರಳನ್ನ ಇಂಗ್ಲೆಂಡಿನ ರಾಣಿಗೆ ಒಪ್ಪಿಸತಕ್ಕದ್ದು’ ಅಂತ ಒಂದು ಕಲಮೇ ಹಾಕಿದ್ರು. ಸಹಿ ಮಾಡಿದ ಮಹಾರಾಜ ದುಲೀಪ್ ಸಿಂಗನಿಗೆ ಆಗ ಹತ್ತು ವರ್ಷ. ಇದನ್ನ ಕಾಣಿಕಿ ಅನ್ನೋ ಮಂದಿ ಇನ್ನೂ ಇದ್ದಾರ. ಅವರಿಗೆ ನನ್ನದೊಂದು ಪ್ರಶ್ನೆ: ನಿಮ್ಮ ಮನಿ ಹತ್ತು ವರ್ಷದ ಹುಡುಗ ಹೊಲ ಬರಕೊಟ್ರ ಸಬ್ ರಿಜಿಸ್ಟ್ರಾರ್ ಆಫೀಸಿನಾಗ ನಡೀತದೇನ್ರಿ? 1850ರಾಗ ಅದು ವಿಕ್ಟೋರಿಯಾ ರಾಣಿ ಕೈ ಸೇರ್ತು. ಮರುವರ್ಷ ಲಂಡನ್ನಿನ ದೊಡ್ಡ ಪ್ರದರ್ಶನದಾಗ ಇಟ್ರು. ನೋಡಿದ ಮಂದಿ “ಇದೇನು, ಗಾಜಿನ ಚೂರು ಕಂಡಂಗ ಕಾಣ್ತದ” ಅಂದ್ರು. ಅದಕ್ಕ 1852ರಾಗ ಅದನ್ನ ಮತ್ತೆ ಸಾಣಿ ಹಿಡಿಸಿದ್ರು. ಸುಮಾರು 186 ಕ್ಯಾರಟ್ ಇದ್ದದ್ದು 105.6ಕ್ಕ ಇಳೀತು. ಹೊಳಪು ಬಂತು, ಹೆಚ್ಚುಕಮ್ಮಿ ಅರ್ಧ ಹರಳು ಪುಡಿಯಾಗಿ ಹೋಯ್ತು. ಆಮ್ಯಾಲ ಅದು ಒಬ್ಬಾಕಿ ಕಿರೀಟದಿಂದ ಇನ್ನೊಬ್ಬಾಕಿ ಕಿರೀಟಕ್ಕ ವರ್ಗ ಆಗ್ಕೋತ ಹೋಯ್ತು: 1902ರಾಗ ಅಲೆಕ್ಸಾಂಡ್ರಾ, 1911ರಾಗ ಮೇರಿ, 1937ರಾಗ ಈಗಿನ ರಾಜನ ಅಜ್ಜಿ ಎಲಿಜಬೆತ್. ಆಕಿ 2002ರಾಗ ತೀರಿಕೊಂಡಾಗ ಶವಪೆಟ್ಟಿಗಿ ಮ್ಯಾಲ ಇಟ್ಟಿದ್ದು ಅದೇ ಕಿರೀಟ. 2023ರಾಗ ಕ್ಯಾಮಿಲ್ಲಾಗ ಪಟ್ಟ ಆದಾಗ ಮೇರಿ ರಾಣಿದೇ ಹಳೆ ಕಿರೀಟ ತೆಗದು ಸುಧಾರಿಸಿ ಇಟ್ರು, ಕೋಹಿನೂರ್ ಹೊರಗ ತೆಗೀಲಿಲ್ಲ. ಯಾಕ ತೆಗೀಲಿಲ್ಲ ಅಂದ್ರ ಆ ಹುಡುಗ ಕೇಳೋ ಪ್ರಶ್ನಿ ಅವರಿಗೂ ಗೊತ್ತದ.

ಇಲ್ಲಿಗೆ ಕೋಹಿನೂರ್ ಮುಗೀತು. ಹೊರಗ ಹೋಗೋರು ಹೋಗಬಹುದು.

ಈಗ ಒಂದು ಮಾತು ಗಮನಿಸಿದ್ರೇನು? ‘ಕ್ಯಾಮಿಲ್ಲಾಗ ಪಟ್ಟ ಆದಾಗ’ ಅಂದೆ. ಬೇಕಂತ ಅನ್ನಲಿಲ್ಲ, ಬಾಯಿಗೆ ತಾನಾಗೇ ಬಂತು. ಆಕಿಗೆ ಆಗಿದ್ದು ಪಟ್ಟ ಅಲ್ಲ, ಕಿರೀಟ ಇಟ್ಟದ್ದು. ಆದ್ರ ನಮ್ಮ ನಾಲಿಗಿಗೆ ಗೊತ್ತಿರೋದು ಪಟ್ಟಾನೇ. ಪಟ್ಟದರಸಿ, ಪಟ್ಟದ ಆನಿ, ಪಟ್ಟದ ಕುದುರಿ. ಇವತ್ತಿಗೂ ಮಠಕ್ಕ ಹೊಸ ಸ್ವಾಮಿಗಳು ಬಂದ್ರ ಪಟ್ಟಾಧಿಕಾರ. ಇಡೋದು ಬ್ಯಾರೆ, ಕಟ್ಟೋದು ಬ್ಯಾರೆ. ನಾನು ಇವತ್ತು ಬಂದಿರೋದು ಇದೊಂದು ಮಾತು ಹೇಳ್ಲಾಕ. ಅದಕ್ಕ ಮೊದಲ ನನ್ನ ಮದುವಿ ಕಥಿ ಹೇಳಬೇಕು.

ನನ್ನ ಮದುವಿ ಆಗಿದ್ದು ಸೇಡಂ ಕಡಿ ಒಂದು ಹಳ್ಳ್ಯಾಗ, ಬ್ಯಾಸಗ್ಯಾಗ. ಹಂದರದ ಕೆಳಗೂ ಬೆಂಕಿ. ಮೈಮ್ಯಾಲಿನ ಬಂಗಾರದಾಗ ನಮ್ಮ ಮನೀದು ಅಂತ ಇದ್ದದ್ದು ಒಂದು ಬೋರಮಾಳ, ಎರಡು ಕಿವಿಯೋಲೆ. ವಂಕಿ ದೊಡ್ಡಮ್ಮಂದು. ಡಾಬು ಊರ ಗೌಡರ ಮನೀದು. ಗೌಡಶಾನಿ ಬ್ಯಾರೆ ಯಾರನ್ನೂ ನಂಬಲಿಲ್ಲ, ತಾನೇ ಮದುವಿಗೆ ಬಂದು ನನ್ನ ಎದುರಿಗೇ ಕೂತಳು. ತಾಳಿ ಕಟ್ಟೋವಾಗ ಎಲ್ಲಾರೂ ನನ್ನ ಕೊರಳು ನೋಡ್ಲಾಕತ್ತಿದ್ರ ಆಕಿ ಒಬ್ಬಾಕಿ ನನ್ನ ನಡಾ ನೋಡ್ಲಾಕತ್ತಿದ್ದಳು. ಊಟಕ್ಕ ಕೂತಾಗ ನಾನು ಸ್ವಲ್ಪ ಬಗ್ಗಿದ್ರ ಸಾಕು, “ಸಾವಕಾಶ ಯವ್ವಾ, ಕೊಂಡಿ ಸಡ್ಲದ” ಅಂತಿದ್ದಳು. ಸಂಜೀಕ ಡಾಬು ಬಿಚ್ಚಿ ಆಕಿ ಸೆರಗಿನಾಗ ಕಟ್ಟಿದ ಮ್ಯಾಲೇ ನಾನು ಹೊಟ್ಟಿ ತುಂಬ ಉಸಿರು ತಗೊಂಡದ್ದು.

ಆದ್ರ ಬಾಸಿಂಗ ಮಾತ್ರ ನಂದು. ಬೆಂಡಿನ ಬಾಸಿಂಗ, ಬೇಗಡಿ ಹಚ್ಚಿದ್ದು, ಎರಡೂ ಕಡಿ ಮುತ್ತಿನಂಥ ಮಣಿ ಇಳಿಬಿಟ್ಟದ್ದು. ಕಟ್ಟಿದವ ನನ್ನ ಸೋದರಮಾವ. ಅವ ಅಡತಿ ಅಂಗಡ್ಯಾಗ ತೊಗರಿ ಚೀಲ ಹೊಲೀತಿದ್ದ. ಚೀಲದ ಬಾಯಿ ಬಿಗಿದಂಗ ಬಿಗದ ನೋಡ್ರಿ, ನನಗ ಕಣ್ಣಾಗ ನೀರು ಬಂತು. ಮಂದಿ ಏನಂದ್ರು? “ಪಾಪ, ತವರು ಬಿಟ್ಟು ಹೋಗ್ಬೇಕಲ್ಲ ಅಂತ ಹುಡುಗಿ ಅಳ್ಲಾಕತ್ತದ.” ತವರೂ ಇಲ್ಲ ಏನೂ ಇಲ್ಲ, ತಲಿ ಸಿಡೀಲಾಕತ್ತಿತ್ತು! ಅವ್ವನಿಗೆ ಸಣ್ಣಗ ಹೇಳಿದೆ. “ಅಕ್ಕಿಕಾಳು ಬೀಳೋತನಕ ಕೈ ಹಚ್ಚಬ್ಯಾಡ” ಅಂದಳು. ನಾ ಸಡ್ಲು ಮಾಡ್ಬೇಕಂದ್ರೂ ಕೈಗೆ ಸಿಗಂಗಿಲ್ಲ, ಯಾಕಂದ್ರ ಗಂಟು ಹಿಂದ. ಕಡೀಕ ಮಾವನ ಕೈಲೂ ಆ ಗಂಟು ಬಿಚ್ಚಲಿಕ್ಕೆ ಆಗಲಿಲ್ಲ. ಕತ್ರಿ ತಂದು ದಾರ ಕತ್ತರಿಸಿದ, ಅದರ ಸಂಗಟ ನನ್ನ ಒಂದು ಎಳಿ ಕೂದಲನೂ.

ನಗಬ್ಯಾಡ್ರಿ. ಇದೇ ಕಥಿ ಐದನೇ ಜಾರ್ಜ್ ಚಕ್ರವರ್ತಿದೂ ಅದ. 1911ರ ಡಿಸೆಂಬರ್ 12, ದಿಲ್ಲಿ ದರಬಾರು. ಇಂಗ್ಲೆಂಡಿನ ಪಟ್ಟದ ಕಿರೀಟಗಳನ್ನ ದೇಶ ಬಿಟ್ಟು ಹೊರಗ ಒಯ್ಯೋ ಹಂಗಿದ್ದಿಲ್ಲ. ಅದಕ್ಕ ಅದೊಂದು ದಿನದ ಸಲುವಾಗಿ ಹೊಸ ಕಿರೀಟನೇ ಮಾಡಿಸಿದ್ರು, ಆರು ಸಾವಿರಕ್ಕೂ ಮಿಕ್ಕಿ ವಜ್ರ ಕೂಡಿಸಿ. ಅವತ್ತು ರಾತ್ರಿ ಆತ ಡೈರಿಯಾಗ ಬರಕೊಂಡ: ಮೂರೂವರೆ ತಾಸು ಕಿರೀಟ ಹೊತ್ತು ದಣಿವಾಯ್ತು, ಭಾರ ಅದ, ತಲಿ ನೋವಾಯ್ತು ಅಂತ. ಆಮ್ಯಾಲ ಅದನ್ನ ಯಾರೂ ತಲಿ ಮ್ಯಾಲ ಇಟ್ಟಿಲ್ಲ. ಆತನ ಮುಂದ ಮೊದಲ ಬಗ್ಗಿ ನಮಸ್ಕಾರ ಮಾಡಿದ ಸಂಸ್ಥಾನಿಕ ಯಾರು ಗೊತ್ತದೇನು? ನಮ್ಮ ನಿಜಾಮರು, ಉಸ್ಮಾನ್ ಅಲಿ ಖಾನ್. ಗಾದಿಗೆ ಬಂದು ಆಗ ನಾಲ್ಕು ತಿಂಗಳೂ ಆಗಿದ್ದಿಲ್ಲ. ಅವರ ಹತ್ರ ಆಮ್ಯಾಲ ಬರ್ತೀನಿ.

ಪಟ್ಟಕ್ಕ ಬರೋಣ. ಆರನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಾಗ ಪಟ್ಟದ ಲಕ್ಷಣ ಅಂತ ಒಂದು ಅಧ್ಯಾಯನೇ ಬರದಾನ. ಶುದ್ಧ ಬಂಗಾರದ ಪಟ್ಟಿ, ಹಣಿ ಮ್ಯಾಲ ಕಟ್ಟೋದು. ನಡುವಿನ ಅಗಲ ರಾಜನಿಗೆ ಎಂಟು ಅಂಗುಲ, ಪಟ್ಟದ ರಾಣಿಗೆ ಏಳು, ಯುವರಾಜನಿಗೆ ಆರು, ಸೇನಾಪತಿಗೆ ನಾಲ್ಕು. ರಾಜ ಮೆಚ್ಚಿ ಕೊಡೋ ಪ್ರಸಾದ ಪಟ್ಟಕ್ಕ ಎರಡೇ ಅಂಗುಲ. ರಾಜನ ಪಟ್ಟಕ್ಕ ಐದು ಶಿಖಿ, ಅಂದ್ರ ಮ್ಯಾಲ ಎದ್ದ ಕೊನಿ, ರಾಣಿಗೂ ಯುವರಾಜನಿಗೂ ಮೂರು ಮೂರು, ಸೇನಾಪತಿಗೆ ಒಂದು, ಪ್ರಸಾದ ಪಟ್ಟಕ್ಕ ಶಿಖಿನೇ ಇಲ್ಲ. ಪೇ ಸ್ಕೇಲ್ ಇದ್ದಂಗದ ನೋಡ್ರಿ, ಹಣಿ ನೋಡಿ ಹುದ್ದಾ ಹೇಳಬಹುದು. ರಾಣಿ ಮಗನಿಗಿಂತ ಒಂದು ಅಂಗುಲ ಮ್ಯಾಲ, ಗಂಡನಿಗಿಂತ ಒಂದು ಅಂಗುಲ ಕೆಳಗ. ಅದೊಂದು ಅಂಗುಲದ ಸಲುವಾಗಿ ನಡೆದ ಜಗಳಗಳಿಗೆ ಶಾಸನ ಯಾರೂ ಕೆತ್ತಿಸಿಲ್ಲ.

ನಾನು ನನ್ನ ಹುಡುಗೇರಿಗೆ ಹೇಳ್ತಿದ್ದೆ, ಮುಂದಿನ ಹರಳು ನೋಡಬ್ಯಾಡ್ರಿ, ಹಿಂದಿನ ಗಂಟು ನೋಡ್ರಿ. ಕಿರೀಟ ಯಾರೂ ಇಡದೇ ಇದ್ರ ತಾನೇ ಎತ್ತಿ ಇಟ್ಕೋಬಹುದು. ನೆಪೋಲಿಯನ್ ಹಂಗೇ ಮಾಡಿದ. 1804ರ ಡಿಸೆಂಬರಿನಾಗ ಪೋಪರನ್ನ ರೋಮಿನಿಂದ ಪ್ಯಾರಿಸಿಗೆ ಕರೆಸಿ, ಅವರನ್ನ ಕೂಡಿಸಿ, ಕಿರೀಟ ತಾನೇ ತಗೊಂಡು ಇಟ್ಕೊಂಡ. ಆಮ್ಯಾಲ ಹೆಂಡತಿ ಜೋಸೆಫೀನಳ ತಲಿಗೂ ತಾನೇ ಇಟ್ಟ. ಪಟ್ಟ ಹಂಗಲ್ಲ. ಇನ್ನೊಬ್ಬರ ಕೈ ಬೇಕು. ಯಾರೋ ಒಬ್ಬರು ಹಿಂದ ನಿಂತು ಗಂಟು ಹಾಕಬೇಕು. “ರುಮಾಲು ತಾವೇ ಸುತ್ಕೋತಾರಲ್ಲ ಮೇಡಂ” ಅಂತ ಒಬ್ಬಾಕಿ ವಾದ ಹಾಕಿದ್ದಳು. ಸುತ್ಕೋಳೋದು ರುಮಾಲು, ಕಟ್ಟಿಸ್ಕೋಳೋದು ಪಟ್ಟ. ಆಕಿ ಈಗ ವಕೀಲಿ ಮಾಡ್ತಾಳ.

ಗಂಗರ ಮಣ್ಣೆಯ ತಾಮ್ರಪಟದಾಗ ಇದಕ್ಕ ಪುರಾವೆ ಅದ. ಶಿವಮಾರನ ಹಣಿಗೆ ಪಟ್ಟ ಕಟ್ಟಿದವರು ರಾಷ್ಟ್ರಕೂಟ ಗೋವಿಂದ ಮತ್ತು ಪಲ್ಲವ ನಂದಿವರ್ಮ, ಇಬ್ಬರೂ ಪಟ್ಟಾಭಿಷಿಕ್ತ ರಾಜರು, ತಮ್ಮ ಸ್ವಂತ ಕೈಲೆ ಕಟ್ಟಿದ್ರು ಅಂತ ಬರದದ. ‘ಸ್ವಂತ ಕೈಲೆ’ ಅನ್ನೋದನ್ನ ಕೆತ್ತಿಸಿದ್ದು ಸುಮ್ಮನಲ್ಲ. ಯಾರ ಕೈ ಅನ್ನೋದೇ ಸುದ್ದಿ. ನಮ್ಮ ಮಳಖೇಡಕ್ಕ ಬರ್ರಿ, ಅಂದ್ರ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟಕ್ಕ, ಕಲಬುರಗಿಯಿಂದ ನಲವತ್ತು ಕಿಲೋಮೀಟರ್ ಆಸುಪಾಸು, ಕಾಗಿಣಾ ದಂಡಿ ಮ್ಯಾಲ. ಅಮೋಘವರ್ಷ ಗಾದಿಗೆ ಬಂದಾಗ ಸಣ್ಣ ಹುಡುಗ. ಸಾಮಂತರು ತಿರುಗಿ ಬಿದ್ರು. ಮತ್ತ ಗಾದಿ ಮ್ಯಾಲ ಕೂಡಿಸಿದವ ಗುಜರಾತ ಶಾಖೆಯ ಕರ್ಕ. ಕಡೀಕ, 972ರಾಗ ಪರಮಾರ ಸೀಯಕ ಬಂದು ಮಾನ್ಯಖೇಟ ಲೂಟಿ ಮಾಡಿದ ಮ್ಯಾಲ, ಗಂಗ ಮಾರಸಿಂಹ ರಾಷ್ಟ್ರಕೂಟರ ಇಂದ್ರನಿಗೆ ಪಟ್ಟ ಕಟ್ಟಿ ಮನೆತನ ಉಳಿಸಲಿಕ್ಕೆ ನೋಡಿದ. ಒಂದು ಕಾಲಕ್ಕ ರಾಷ್ಟ್ರಕೂಟರು ಗಂಗರಿಗೆ ಕಟ್ಟಿದ್ರು, ಕಡೀಕ ಗಂಗರು ರಾಷ್ಟ್ರಕೂಟರಿಗೆ. ಆ ಗಂಟು ನಿಲ್ಲಲಿಲ್ಲ. ಇಂದ್ರ 982ರಾಗ ಶ್ರವಣಬೆಳಗೊಳದಾಗ ಸಲ್ಲೇಖನ ಮಾಡಿ ದೇಹ ಬಿಟ್ಟ.

ಮಳಖೇಡ ಕೋಟಿ ನೋಡದೇ ಇದ್ದವರು ಕೈ ಎತ್ತಬ್ಯಾಡ್ರಿ, ನನಗ ಬ್ಯಾಸರ ಆಗ್ತದ. ಲಂಡನ್ ಟವರಿನ ಫೋಟೋ ಎಲ್ಲಾರ ಫೋನಿನಾಗ ಅದ.

ಡಾಬು ನೆನಪದ ಅಲ್ಲ? ಈಗ ಅದಕ್ಕ ಬರ್ತೀನಿ. ಇಂಗ್ಲೆಂಡಿನ ಕಿರೀಟಗಳು ಅಂದ್ರ ಸಾವಿರ ವರ್ಷದಿಂದ ಒಂದೇ ಸಮ ಬಂದಾವ ಅಂತ ನಾವು ತಿಳ್ಕೊಂಡೀವಿ. 1649ರಾಗ ಮೊದಲನೇ ಚಾರ್ಲ್ಸ್ ರಾಜನ ತಲಿ ತೆಗೆದ ಮ್ಯಾಲ ಪಾರ್ಲಿಮೆಂಟಿನವರು ಹಳೆ ರಾಜಚಿಹ್ನಿಗಳನ್ನೆಲ್ಲ ಯಾದಿ ಮಾಡಿ ಕರಗಿಸಿಬಿಟ್ರು. ಆ ಯಾದ್ಯಾಗ ಒಂದು ಸಾಲು ನನಗ ಭಾಳ ಇಷ್ಟ. ಎಡಿತ್ ರಾಣಿಯ ಕಿರೀಟ ಅಂತ ಒಂದಿತ್ತು, ಆರುನೂರು ವರ್ಷದ ಹಿಂದಿನ ರಾಣಿ ಹೆಸರಿಂದು. ಇಷ್ಟು ದಿನ ಗಟ್ಟಿ ಬಂಗಾರ ಅಂತ ಇಟ್ಟಿದ್ರು. ಒರೆಗೆ ಹಚ್ಚಿ ನೋಡಿದ್ರ ಬೆಳ್ಳಿ, ಮ್ಯಾಲ ಬಂಗಾರದ ನೀರು! ಬೆಲಿ ಹದಿನಾರು ಪೌಂಡು ಅಂತ ಬರಕೊಂಡ್ರು. ನಮ್ಮ ಸರಾಫ್ ಬಜಾರದಾಗ ಇಂಥಾ ಮುಖ ಎಷ್ಟು ನೋಡೀವಿ, ಅತ್ತಿ ಕೊಟ್ಟ ಪಾಟಲಿ ಒರೆಗಲ್ಲಿಗೆ ಹಚ್ಚಿದ ಮ್ಯಾಲ ಸೊಸಿ ಮುಖ.

ಆ ಕರಗಿಸೋ ಹಾವಳಿಯಾಗ ಉಳಿದದ್ದು ಏನು? ಮೂರು ಕತ್ತಿ ಬಿಟ್ರ ಒಂದು ಚಮಚ. ಹನ್ನೆರಡನೇ ಶತಮಾನದ್ದು, ಪಟ್ಟದ ಎಣ್ಣಿ ಹಾಕೋ ಚಮಚ. ಅರಮನಿ ಉಗ್ರಾಣದ ಒಬ್ಬ ನೌಕರ ಅದನ್ನ ಹದಿನಾರು ಶಿಲಿಂಗ್ ಕೊಟ್ಟು ಕೊಂಡುಕೊಂಡ. ರಾಜರು ಮತ್ತ ಬಂದಾಗ ವಾಪಸ್ ಕೊಟ್ಟ. 2023ರಾಗೂ ಅದೇ ಚಮಚ. ಉಳಿದ ಕಿರೀಟ, ದಂಡ, ಗೋಲ, ಎಲ್ಲಾ 1661ರಿಂದ ಈಚಿನವು. ಮುಖ್ಯ ಕಿರೀಟ ಎರಡು ಕೆಜಿ ಮ್ಯಾಲದ. ತೊಗರಿಬ್ಯಾಳಿ ಎರಡು ಕೆಜಿ ಪಾಕೀಟು ತಲಿ ಮ್ಯಾಲ ಇಟ್ಕೊಂಡು ನೋಡ್ರಿ ಮನ್ಯಾಗ.

ಹೊಸದಾಗಿ ಮಾಡಿದ ಕಿರೀಟಕ್ಕ ಹರಳು ಎಲ್ಲಿಂದ ಬಂದವು? ಇಲ್ಲೇ ಗೌಡಶಾನಿ ಬರ್ತಾಳ. ಅಕ್ಕಸಾಲಿಗರ ಹತ್ರ ಬಾಡಿಗಿಗೆ! ಬಂಗಾರದ ಚೌಕಟ್ಟು ಅರಮನೀದು, ವಜ್ರ ಅಂಗಡೀದು. ಪಟ್ಟದ ದಿನ ಕೂಡಿಸೋದು, ಮುಗಿದ ಮ್ಯಾಲ ಕಿತ್ತು ವಾಪಸ್ ಕೊಡೋದು. ಹದಿನೆಂಟನೇ ಶತಮಾನದುದ್ದಕ್ಕೂ ಹಿಂಗೇ ನಡೀತು. ನಾಲ್ಕನೇ ಜಾರ್ಜ್ 1821ರಾಗ ಹನ್ನೆರಡು ಸಾವಿರ ಮಿಕ್ಕಿ ವಜ್ರದ ಕಿರೀಟ ಮಾಡಿಸಿ, ವಾಪಸ್ ಕೊಡಲಿಕ್ಕೆ ಮನಸ್ಸಿಲ್ಲದ, ಸರ್ಕಾರ ಕೊಂಡು ಕೊಡ್ತದಂತ ಎರಡು ವರ್ಷ ಬಾಡಿಗಿ ಏರಿಸ್ಕೋತ ಕೂತ. ಕೊಡಲಿಲ್ಲ. ಹರಳು ಕಿತ್ತು ಒಯ್ದ್ರು. ಅವನ ತಮ್ಮನ ಹೆಂಡತಿ ಅಡಿಲೇಡ್ ರಾಣಿ ಮಾತ್ರ 1831ರಾಗ ಬಾಡಿಗಿ ಬ್ಯಾಡ ಅಂದಳು, ಮನ್ಯಾಗಿನ ಹರಳೇ ಹಾಕಿಸ್ಕೊಂಡಳು. ನನಗ ಆ ಇಡೀ ಮನೆತನದಾಗ ಆಕಿ ಒಬ್ಬಾಕಿ ಸೇರ್ತಾಳ. ಆ ಚೌಕಟ್ಟುಗಳು ಇನ್ನೂ ಅವ, ಹರಳಿಲ್ಲದ ಬೋಳು ಕಿರೀಟ. ತೂತು ತೂತು ಕಾಣ್ತಾವ.

ಚೀಟಿ ಬಂತು. ಹನ್ನೆರಡು ನಿಮಿಷ ಅಂತ. ಈಗಷ್ಟೇ ನಾನು ಬಹಮನಿಗೆ ಬರ್ಲಾಕತ್ತೀನಿ.

ತಖ್ತ್-ಎ-ಫಿರೋಜಾ, ಬಹಮನಿ ಸುಲ್ತಾನರ ಸಿಂಹಾಸನ. ಈ ಹೆಸರು ಕೇಳದವರು ಈ ಊರಾಗ ಇರಬಾರದು. ದಿಲ್ಲಿ ಮುಹಮ್ಮದ್ ತುಘಲಕನ ಸಲುವಾಗಿ ಅಂತ ತೆಲಂಗಾಣದಾಗ ಮಾಡಿಸಿದ್ದು. ಅದು ದಿಲ್ಲಿಗೆ ಹೋಗದೇ ಮೊದಲನೇ ಮುಹಮ್ಮದ್ ಷಾ ಬಹಮನಿಗೆ, ಅಂದ್ರ ಇದೇ ಕಲಬುರಗಿ ಕ್ವಾಟಿಗೆ, ಕಾಣಿಕಿ ಬಂತು. ವಿಜಾಪುರದಾಗ ಕೂತು ಇತಿಹಾಸ ಬರೆದ ಫರಿಷ್ತಾ ಅಳತಿ ಕೊಟ್ಟಾನ: ಒಂಬತ್ತು ಅಡಿ ಉದ್ದ, ಮೂರು ಅಡಿ ಅಗಲ, ಕರಿಮರ, ಮ್ಯಾಲ ಬಂಗಾರದ ತಗಡು, ಹರಳು. ಆಕಾಶದ ಬಣ್ಣದ ಮೀನಾಕಾರಿ ಇತ್ತು, ಅದಕ್ಕ ಫಿರೋಜಾ ಅಂತ ಹೆಸರು. ಮುಂದ ಬಂದ ಒಬ್ಬೊಬ್ಬ ಸುಲ್ತಾನನೂ ತನ್ನದೊಂದು ಹರಳು ಇರಲಿ ಅಂತ ಕೂಡಿಸ್ಕೋತ ಹೋದ. ಕಡೀಕ ನೀಲಿ ಬಣ್ಣಾನೇ ಕಾಣದಂಗ ಮುಚ್ಚಿಹೋಯ್ತು! ಹೆಸರು ನೀಲಿ, ನೀಲಿ ಇಲ್ಲ. ಕ್ಲಾಸಿನಾಗ ಈ ಮಾತು ಹೇಳಿದಾಗೊಮ್ಮೆ ನನ್ನ ದನಿ ಏರ್ತಿತ್ತು, ಈಗೂ ಏರ್ಲಾಕತ್ತದ, ಮಾಫ್ ಮಾಡ್ರಿ. ರಾಜಧಾನಿ ಸಂಗಟ ಅದೂ ಬೀದರಕ್ಕ ಹೋಯ್ತು. ಸುಲ್ತಾನ ಮಹಮೂದ್ ಷಾನ ಕಾಲಕ್ಕ ಅದನ್ನ ಒಡೆದು ಹರಳು ಕಿತ್ತು ಹೂಜಿ, ಬಟ್ಟಲಿಗೆ ಕೂಡಿಸಿದ್ರು. ಒಡೆಯೋವಾಗ ಬೆಲಿ ಕಟ್ಟಿದ್ರ ಒಂದು ಕೋಟಿ ಹೊನ್ನು. ಲಂಡನ್ನಿನಾಗ ಶತ್ರು ಬಂದು ಕರಗಿಸಿದ. ಬೀದರದಾಗ ಮನಿ ಮಂದಿನೇ ಒಡದ್ರು.

ಅದೇ ಬೀದರದಾಗ ಒಬ್ಬ ರಾಣಿ ಇದ್ದಳು, ಮಖ್ದೂಮಾ-ಎ-ಜಹಾನ್, ನರ್ಗಿಸ್ ಬೇಗಂ. 1461ರಾಗ ಗಂಡ, ಬಹಮನಿ ಸುಲ್ತಾನ ಹುಮಾಯೂನ್ ಷಾ ಸತ್ತ. ಮಗ ನಿಜಾಮನಿಗೆ ಎಂಟು ವರ್ಷ. ಮಗನನ್ನ ಫಿರೋಜಾ ಗಾದಿ ಮ್ಯಾಲ ಕೂಡಿಸಿ, ತಾನು ಪರದೆ ಹಿಂದ ಕೂತು, ಖ್ವಾಜಾ ಜಹಾನ್ ಮತ್ತ ಮಹಮೂದ್ ಗವಾನ್ ಇಬ್ಬರು ಮಂತ್ರಿಗಳನ್ನ ಮುಂದ ಇಟ್ಕೊಂಡು ರಾಜ್ಯ ನಡೆಸಿದಳು. ಆಕಿ ಮಾತು ದರಬಾರಕ್ಕ ತರಲಿಕ್ಕೆ ಒಬ್ಬ ಹೆಣ್ಣಾಳು. ಮಾಳವದ ಸುಲ್ತಾನ ಬೀದರದ ತನಕ ಬಂದಾಗ ಮಗನನ್ನ ಕರಕೊಂಡು ನಮ್ಮ ಭೀಮಾ ದಂಡಿ ಫಿರೋಜಾಬಾದಿಗೆ ಬಂದು ಕೂತು, ಗುಜರಾತಿನಿಂದ ಸಹಾಯ ತರಿಸಿ ಊರು ಉಳಿಸಿದಳು. 1463ರಾಗ ಆ ಮಗ ಸತ್ತ, ಎರಡನೇ ಮಗನನ್ನ ಕೂಡಿಸಿದಳು. ಅವ ಕೈಗೆ ಬಂದ ಮ್ಯಾಲ ಅಧಿಕಾರ ಅವನಿಗೆ ಬಿಟ್ಟು ಹಿಂದ ಸರದಳು. ಎಂಟು ಅಂಗುಲನೂ ಇಲ್ಲ, ಏಳು ಅಂಗುಲನೂ ಇಲ್ಲ, ಒಂದು ಶಿಖಿ ಇಲ್ಲ. ಎರಡು ಸಲ ಗಂಟು ಹಾಕಿದ ಕೈ ಆಕೀದು. ಆಕಿ ಹೆಸರಿನ ಒಂದು ರಸ್ತೆ ಇಲ್ಲಿ ನಾ ಕಂಡಿಲ್ಲ.

ನಿಜಾಮರು. ಜಲ್ದಿ ಹೇಳ್ತೀನಿ. ಕಿರೀಟ ಅವರು ಇಡ್ತಿದ್ದಿಲ್ಲ, ದಸ್ತಾರು ಅನ್ನೋ ರುಮಾಲು, ಅದರ ಮ್ಯಾಲ ಸರ್ಪೇಚು ಅನ್ನೋ ಹರಳಿನ ಒಡವಿ. ಜೇಕಬ್ ವಜ್ರ 184.75 ಕ್ಯಾರಟ್, ಕೋಹಿನೂರಿಗಿಂತ ದೊಡ್ಡದು. ಉಸ್ಮಾನ್ ಅಲಿ ಖಾನರ ಅಪ್ಪನ ಬೂಟಿನ ತುದ್ಯಾಗ ಸಿಕ್ಕಿತ್ತಂತ, ಮಗ ಕಾಗದ ಹಾರದಂಗ ಮೇಜಿನ ಮ್ಯಾಲ ಇಟ್ಟಿದ್ದ. 1995ರಾಗ 173 ಒಡವಿಗಳನ್ನ ಭಾರತ ಸರ್ಕಾರ 218 ಕೋಟಿಗೆ ಕೊಂಡಿತು. ಅದಲ್ಲ ನಾ ಹೇಳಬೇಕಂದದ್ದು. 1947ರ ನವೆಂಬರ್ 20ಕ್ಕ ಲಂಡನ್ನಿನಾಗ ಎಲಿಜಬೆತ್ ರಾಜಕುಮಾರಿ ಮದುವಿ. ನಮ್ಮ ನಿಜಾಮರು ಅಲ್ಲಿನ ದೊಡ್ಡ ಅಂಗಡಿಗೆ ಹೇಳಿ ಕಳಿಸಿದ್ರು, ಹುಡುಗಿ ಬೇಕಾದ್ದು ಆರಿಸ್ಕೋಲಿ ಅಂತ. ಆಕಿ ಒಂದು ವಜ್ರದ ಮುಡಿಪಟ್ಟಿ, ಒಂದು ಹಾರ ಆರಿಸ್ಕೊಂಡಳು. ಆ ತಾರೀಖಿಗೆ ಇಲ್ಲಿ ಏನು ನಡೆದಿತ್ತು? ಹೈದರಾಬಾದ್ ಭಾರತಕ್ಕ ಸೇರಿದ್ದಿಲ್ಲ, ಯಥಾಸ್ಥಿತಿ ಒಪ್ಪಂದಕ್ಕ ಇನ್ನೂ ಒಂಬತ್ತು ದಿನ ಇತ್ತು. ರಜಾಕಾರರ ಹೆದರಿಕಿಗೆ ನಮ್ಮ ಮುತ್ಯಾಗಳು ಕಾಳು ಹಗೇವಿನಾಗ ಮುಚ್ಚಿ, ಗಡಿ ದಾಟಿ ಸೊಲ್ಲಾಪುರದ ಕಡಿ ಹೋಗ್ತಿದ್ರು. ಕಲಬುರಗಿ, ಬೀದರ, ರಾಯಚೂರಿನ ಹೊಲದ ಕಂದಾಯ ತುಂಬಿದ ಖಜಾನೆ ಅದು. 1973ರಾಗ ಆ ಮುಡಿಪಟ್ಟಿ ಬಿಚ್ಚಿಸಿ, ಅದರ ವಜ್ರ ತೆಗೆದು ಬರ್ಮಾದ ಮಾಣಿಕ್ಯದ ಸಂಗಟ ಕೂಡಿಸಿ ಹೊಸ ಕಿರೀಟ ಮಾಡಿಸಿದಳು ರಾಣಿ. ಕೋಹಿನೂರ್ ಕೇಳೋ ಹುಡುಗ ಇದನ್ನ್ಯಾಕ ಕೇಳಂಗಿಲ್ಲ? ಎಲ್ಲದಾನ ಅವ? ಹೋದನೇನು?

ಸುರಪುರದ ರಾಣಿ ಈಶ್ವರಮ್ಮನ ಮ್ಯಾಲ ನಾಲ್ಕು ಪುಟ ಬರಕೊಂಡು ಬಂದಿದ್ದೆ. 1841ರಾಗ ಗಂಡ ಸತ್ತ, ಮಗ ವೆಂಕಟಪ್ಪ ಎಳೆ ಹುಡುಗ, ಕಂಪನಿಯವರು ಮೆಡೋಸ್ ಟೇಲರನನ್ನ ಕಳಿಸಿದ್ರು. ಒಂದು ಕೈ ತಾಯೀದು, ಒಂದು ಕೈ ಟೇಲರಂದು, ಗಂಟು ಎಳದಾಡಿತು. 1853ರಾಗ ಮಗನಿಗೆ ಅಧಿಕಾರ, 1858ರಾಗ ದಂಗೆ, ಆ ವರ್ಷವೇ ಅವನ ಸಾವು. ಇದಕ್ಕ ಇನ್ನೊಂದು ದಿನ ಬೇಕು. ಕರದ್ರ ಬರ್ತೀನಿ, ಗಾಡಿ ಖರ್ಚೂ ಬ್ಯಾಡ. ಬಿದರಿ ಚಾಮರದ ಹಿಡಿ, ಪಾಲಿಧ್ವಜ, ಪಂಚಮಹಾಶಬ್ದ, ಈ ರಾಜಚಿಹ್ನಿಗಳ ಮಾತೆಲ್ಲಾ ಈ ಚೀಲದಾಗೇ ಉಳದಾವ.

ಎರಡನೇ ಚೀಟಿನೂ ಬಂತು. ಇದರಾಗ ‘ಚಹಾ ಆರ್ಲಾಕತ್ತದ’ ಅಂತ ಬರದಾರ.

ನನ್ನ ಬಾಸಿಂಗ ತಂದೀನ್ರಿ. ಅವ್ವ ಹಳೆ ಮನಿ ಜಂತ್ಯಾಗ ಸಿಗಿಸಿಟ್ಟಿದ್ದಳು, ಮನಿ ಕೆಡವೋವಾಗ ಸಿಕ್ಕಿತು. ಬೆಂಡು ಹುಳ ತಿಂದಾವ, ಬೇಗಡಿ ಉದರ್ಯಾದ, ಮಣಿ ಎರಡು ಉಳದಾವ. ಮಾವ ಕತ್ತರಿಸಿದ ದಾರ ಹಂಗೇ ಅದ, ಗಂಟೂ ಅದ, ಅದರಾಗ ನನ್ನ ಆಗಿನ ಕರಿ ಕೂದಲೂ ಅದ. ಚಹಾ ತಗೊಂಡು ಈ ಕಡಿ ಬರ್ರಿ, ತೋರಸ್ತೀನಿ. ಕೈ ಒರಸ್ಕೊಂಡು ಮುಟ್ರಿ.